ಕೆಡ್ಡಸದಿಂದ ಪತ್ತನಾಜೆ ತನಕ: ನಮ್ಮೂರಿನ ವಸಂತ ಮೂಗಿಗೇ ಮೊದಲು ಗೊತ್ತಾಗೋದು

ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಉಡುಪಿಯಲ್ಲಿ ನಮ್ಮ ಓದುವ ಬಳಗದವರು ಸೇರಿದ್ದಾಗ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಹಾಗಾಗಿ ಮಾತಾಡಿದ ಹಾಗೇ ಬರೆದಿದ್ದೇನೆ, ಅವತ್ತು ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ಕೊನೆಗೆ ಮಾರನೇ ದಿನ ಆದದ್ದೂ ಉಂಟು.

ಎಲ್ರಿಗೂ ನಮಸ್ಕಾರ. ಆ ಫ್ಯಾನ್ ಸ್ವಲ್ಪ ಜೋರು ಮಾಡಿ ಮಾರಾಯ್ರೇ, ಹಿಂದೆ ಕೂತವರಿಗೆ ಗಾಳಿಯೇ ಬರ್ತಾ ಇಲ್ಲ.

ವಸಂತದ ಬಗ್ಗೆ ಮಾತಾಡ್ಲಿಕ್ಕೆ ಹೋಗ್ತಾ ಇದ್ದೇನೆ ಅಂತ ಹೇಳಿದಾಗ ನಮ್ಮ ಪಕ್ಕದ ಮನೆಯ ಅಣ್ಣ, "ನಮ್ಮಲ್ಲಿ ಎಂಥ ವಸಂತ? ನಮ್ಮಲ್ಲಿ ಇರೋದು ಎರಡೇ, ಒಂದು ಮಳೆಗಾಲ, ಇನ್ನೊಂದು ಸೆಕೆಗಾಲ" ಅಂದ್ರು. ಇಲ್ಲಿ ಕೂತವರಲ್ಲೂ ಅರ್ಧ ಜನ ಹಾಗೇ ಅಂದುಕೊಂಡಿರ್ತೀರಿ. ಸಿನೆಮಾದಲ್ಲಿ ತೋರಿಸ್ತಾರಲ್ಲ, ಬೆಟ್ಟ ತುಂಬ ಹೂ, ತಣ್ಣಗೆ ಗಾಳಿ, ಶಾಲು ಹೊದ್ದುಕೊಂಡು ಓಡಾಡೋದು, ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ನಮ್ಮ ಉಡುಪಿಯ ಕಲ್ಸಂಕದ ಹತ್ರ ಮಧ್ಯಾಹ್ನ ಎರಡು ಗಂಟೆಗೆ ನಿಂತು ಹುಡುಕಿದ್ರೆ ವಸಂತ ಸಿಗ್ಲಿಕ್ಕಿಲ್ಲ, ಬೆವರು ಮಾತ್ರ ಸಿಗ್ತದೆ. ಆದ್ರೆ ನಮ್ಮೂರಲ್ಲಿ ವಸಂತ ಉಂಟು. ಅದು ಕಣ್ಣಿಗಿಂತ ಮೊದಲು ಮೂಗಿಗೆ ಬರ್ತದೆ, ಬೆಳಿಗ್ಗೆ ಆರೂವರೆ ಏಳರ ಒಳಗೆ ಬಂದು ಹೋಗ್ತದೆ, ಮತ್ತೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಬರ್ತದೆ. ಮಧ್ಯದಲ್ಲಿ ಬರೀ ಸೆಕೆ, ಅದನ್ನು ನಾನೂ ಒಪ್ತೇನೆ.

ಪಂಚಾಂಗದ ಪ್ರಕಾರ ವಸಂತ ಋತು ಅಂದ್ರೆ ಚೈತ್ರ ವೈಶಾಖ. ಆದ್ರೆ ನಮ್ಮ ತುಳುನಾಡಿನ ಲೆಕ್ಕ ಬೇರೆ, ಸೂರ್ಯನ ಲೆಕ್ಕ, ಬಿಸುವಿನಿಂದ ವರ್ಷ ಶುರು, ಪಗ್ಗು, ಬೇಶ್ಯ, ಕಾರ್ತೆಲ್, ಆಟಿ ಅಂತ ತಿಂಗಳುಗಳು, ಕೊನೇ ತಿಂಗಳು ಸುಗ್ಗಿ. ಆ ಲೆಕ್ಕದಲ್ಲಿ ನೋಡಿದ್ರೆ ನಮ್ಮ ವಸಂತಕ್ಕೆ ಎರಡು ಬಾಗಿಲು ಇರೋದು ನಂಗೆ ಕಾಣ್ತದೆ. ಒಂದು ಕೆಡ್ಡಸ, ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಬರೋದು. ಭೂಮಿ ಮುಟ್ಟಾಗುವ ಮೂರು ದಿನ ಅಂತ ನಂಬಿಕೆ, ಆ ಮೂರು ದಿನ ನೆಲ ಅಗೆಯೋದಿಲ್ಲ, ಹಾರೆ ಪಿಕ್ಕಾಸು ಮೂಲೆಗೆ. ನಮ್ಮಜ್ಜಿ ತುಳಸಿಕಟ್ಟೆ ಹತ್ರ ಎಣ್ಣೆ, ಸೀಗೆ, ಕುಂಕುಮ ಎಲ್ಲ ಇಟ್ಟು ಭೂಮಿತಾಯಿಗೆ ಮೀಯ್ಲಿಕ್ಕೆ ಕೊಡ್ತಿದ್ರು, ನಮಗೆ ಮಕ್ಕಳಿಗೆ ಕುಚ್ಚಲಕ್ಕಿ ಹುರಿದು ಬೆಲ್ಲ ತೆಂಗಿನಕಾಯಿ ಹಾಕಿ ಮಾಡಿದ ನನ್ನೇರಿ ಸಿಗ್ತಿತ್ತು. ಮುಟ್ಟು ಅಂದ್ರೆ ಮೈಲಿಗೆ ಅಂತ ದೂರ ಕೂರಿಸುವ ಊರಲ್ಲೇ, ಭೂಮಿ ಮುಟ್ಟಾದ್ರೆ ಹಬ್ಬ ಮಾಡಿ ಅವಳಿಗೆ ರೆಸ್ಟ್ ಕೊಡ್ತಾರಲ್ಲ, ನಂಗೆ ಚಿಕ್ಕವಳಿದ್ದಾಗಿನಿಂದಲೂ ಈ ಹಬ್ಬದ ಮೇಲೆ ಪ್ರೀತಿ ಜಾಸ್ತಿ. ಇನ್ನೊಂದು ಬಾಗಿಲು ಪತ್ತನಾಜೆ, ಬೇಶ್ಯ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಅಲ್ಲಿಗೆ ಯಕ್ಷಗಾನ ಆಟದ ಮೇಳದವರು ಗೆಜ್ಜೆ ಬಿಚ್ಚಿದ್ರು, ದೈವಗಳ ಕೋಲ ನೇಮ ಮುಗೀತು, ಮಳೆಗೆ ಜಾಗ ಬಿಟ್ಟ ಹಾಗೆ. ಈ ಎರಡರ ಮಧ್ಯ ಏನೆಲ್ಲ ಅರಳ್ತದೆ ಅಂತ ನೋಡುವ.

ಮೊದಲು ಸುರಗಿ. ಸುರಗಿ ಗೊತ್ತಿಲ್ಲದವರು ಕೈ ಎತ್ತಿ ಅಂದ್ರೆ ಇಲ್ಲಿ ಸಣ್ಣ ಮಕ್ಕಳೆಲ್ಲ ಎತ್ತಿದ್ರು, ದೊಡ್ಡವರಲ್ಲೂ ಐದಾರು ಜನ. ಪಶ್ಚಿಮಘಟ್ಟದ ಸುತ್ತಮುತ್ತ ಬಿಟ್ಟರೆ ಬೇರೆ ಕಡೆ ತಾನಾಗಿ ಬೆಳೆಯದ ಮರ ಇದು. ಎಲೆ ದಪ್ಪ, ಕಡು ಹಸಿರು. ಹೂ ತುದಿಯಲ್ಲಿ ಬಿಡೋದಲ್ಲ, ಎಲೆ ಇಲ್ಲದ ಗೆಲ್ಲಿನ, ಅಂದ್ರೆ ಕೊಂಬೆಯ, ಮೈಗೇ ಅಂಟಿಕೊಂಡ ಹಾಗೆ ಬಿಡ್ತದೆ, ಬಟಾಣಿ ಕಾಳಿನ ಗಾತ್ರದ ಬಿಳಿ ಮೊಗ್ಗು, ಗೊಂಚಲು ಗೊಂಚಲು. ಅರಳಿದ್ರೆ ನಾಲ್ಕು ಬಿಳಿ ಎಸಳು, ಮಧ್ಯ ಹಳದಿ ಕೇಸರದ ಒಂದು ಕುಚ್ಚು. ಇದನ್ನು ಕೊಯ್ಯುವವರು ಬೆಳಕು ಹರಿಯುವ ಮೊದಲೇ ಮರದ ಹತ್ರ ಇರ್ಬೇಕು, ಯಾಕಂದ್ರೆ ಬಿಸಿಲು ಬಿದ್ದ ಮೇಲೆ ಅರಳಿದ ಹೂವಿನ ಎಸಳು ಉದುರ್ತದೆ, ಮಾಲೆಗೆ ಬರೋದಿಲ್ಲ. ಹಾಗಾಗಿ ಮೊಗ್ಗನ್ನೇ ಕೊಯ್ಯೋದು. ಒಬ್ಬರು ಮರ ಹತ್ತಿ ಕುಕ್ಕೆ ಕಟ್ಟಿಕೊಂಡು ಕೊಯ್ತಾರೆ, ಕೆಳಗೆ ಹಳೇ ಸೀರೆ ಹಾಸಿ ಉದುರಿದ್ದನ್ನು ಮಕ್ಕಳು ಹೆಕ್ತಾರೆ. ಮನೆಗೆ ತಂದು ಕೂತು ಪೋಣಿಸಿ, ನೆರಳಲ್ಲಿ ಒಣಗಿಸಿದ್ರೆ ಆಯ್ತು. ಬೇರೆ ಹೂ ಬಾಡಿದ್ರೆ ಕಸ, ಸುರಗಿ ಬಾಡಿದ್ರೆ ಮಾತ್ರ ಸೀರೆಯ ಪೆಟ್ಟಿಗೆಗೆ ಹೋಗ್ತದೆ. ಕಂದು ಬಣ್ಣ ಆಗಿ, ಮುಟ್ಟಿದ್ರೆ ಪುಡಿ ಆಗುವ ಹಾಗಾದ ಮೇಲೂ ಪರಿಮಳ ಹೋಗೋದಿಲ್ಲ, ವರ್ಷಗಟ್ಟಲೆ ಇರ್ತದೆ. ನನ್ನ ಕಪಾಟಿನಲ್ಲಿ ನಾಲ್ಕು ವರ್ಷದ ಹಿಂದಿನ ಮಾಲೆ ಉಂಟು, ನಿನ್ನೆ ತೆಗೆದು ಮೂಸಿಯೇ ಬಂದಿದ್ದೇನೆ.

ಸುರಗಿಯ ಪರಿಮಳ ಹೇಗೆ ಅಂತ ಹೇಳೋದು ಕಷ್ಟ. ಮಲ್ಲಿಗೆ ಹಾಗೆ ತಣ್ಣಗಿನ ಪರಿಮಳ ಅಲ್ಲ, ಸ್ವಲ್ಪ ಬೆಚ್ಚಗೆ, ಜೇನು ಕಾಯಿಸಿದ ಹಾಗೆ, ಹಳೇ ದೇವರಕೋಣೆಯ ಹಾಗೆ.

ಈಗ ಮಲ್ಲಿಗೆ. ಇದರ ಬಗ್ಗೆ ನಾನು ಮಾತಾಡ್ತಾ ಕೂತ್ರೆ ನಿಲ್ಲಿಸೋದು ಕಷ್ಟ, ಯಾಕಂದ್ರೆ ನಾನು ಹುಟ್ಟಿದ್ದೇ ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆ, ನನ್ನ ಕಾಲೇಜು ಫೀಸು ಮಲ್ಲಿಗೆಯಿಂದ ಬಂದದ್ದು. ಉಡುಪಿ ಮಲ್ಲಿಗೆಗೆ ಈಗ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಅಂತ ಸರಕಾರ ಕೊಡುವ ಗುರುತು, ಉಂಟು, ಮೈಸೂರು ಮಲ್ಲಿಗೆಗೂ ಹಡಗಲಿ ಮಲ್ಲಿಗೆಗೂ ಉಂಟು, ಆದ್ರೆ ಲೆಕ್ಕ ಮಾಡುವ ಕ್ರಮ ನೋಡಿ, ಬೇರೆ ಊರಲ್ಲಿ ಮೊಳ, ಮಾರು, ಕೆಜಿ, ನಮ್ಮಲ್ಲಿ ಚೆಂಡು ಮತ್ತು ಅಟ್ಟೆ. 800 ಹೂ ಕಟ್ಟಿದ್ರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ ಒಂದು ಅಟ್ಟೆಗೆ 3200 ಮೊಗ್ಗು. ಒಂದೊಂದೂ ಕೈಯಲ್ಲಿ ಕೊಯ್ದು ಕೈಯಲ್ಲೇ ಕಟ್ಟಬೇಕು. ಇಲ್ಲಿ ಅಟ್ಟೆ ಕೊಂಡವರು ಬಹಳ ಜನ ಇದ್ದೀರಿ, ಮುಂದಿನ ಸಲ ಕೊಳ್ಳುವಾಗ ಈ ಸಂಖ್ಯೆ ನೆನಪು ಮಾಡಿಕೊಳ್ಳಿ.

ಅಮ್ಮ ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋಗ್ತಿದ್ರು. ಅವತ್ತು ಸಂಜೆ ಅರಳುವ ಮೊಗ್ಗು ಯಾವುದು, ನಾಳೆ ಅರಳೋದು ಯಾವುದು ಅಂತ ಕಣ್ಣಿಗಿಂತ ಜಾಸ್ತಿ ಬೆರಳಿಗೆ ಗೊತ್ತಿರ್ತದೆ, ತುಂಬಿದ ಮೊಗ್ಗು ಹಿಡಿದ್ರೆ ಸ್ವಲ್ಪ ಮೆತ್ತಗೆ, ತೊಟ್ಟಿನಿಂದ ಟಕ್ ಅಂತ ಬಿಟ್ಟುಕೊಳ್ತದೆ, ಎಳೇದು ಬಿಟ್ಟುಕೊಳ್ಳೋದೇ ಇಲ್ಲ. ಕೊಯ್ದು ಆದ ಮೇಲೆ ಜಗಲಿಯಲ್ಲಿ ಮೂರು ಜನ ಕೂತು ಕಟ್ಟೋದು. ಬಾಳೆನಾರನ್ನು ನೀರಲ್ಲಿ ನೆನೆಸಿ ಇಟ್ಟಿರ್ತಾರೆ, ಎಡಗೈಯಲ್ಲಿ ನಾರು, ಬಲಗೈಯಲ್ಲಿ ಮೊಗ್ಗು, ಒಂದು ಸುತ್ತು, ಒಂದು ಗಂಟು, ಹೆಬ್ಬೆರಳಿನಿಂದ ಹಿಂದಕ್ಕೆ ದೂಡೋದು. ಅಮ್ಮ ಎಣಿಸ್ತಿದ್ದದ್ದು ಬಾಯಲ್ಲಿ ಅಲ್ಲ, ಮಾತಾಡ್ತಾ ಇರ್ತಿದ್ರು, ಊರ ಸುದ್ದಿ ಎಲ್ಲ ಹೇಳ್ತಿದ್ರು, ಆದ್ರೆ ಎಂಟು ನೂರಕ್ಕೆ ಸರಿಯಾಗಿ ಕೈ ನಿಲ್ತಿತ್ತು. ನಾನು ಪರೀಕ್ಷೆಗೆ ಒಂದೆರಡು ಸಲ ಎಣಿಸಿ ನೋಡಿದ್ದೇನೆ. ಹತ್ತು ಗಂಟೆಯ ಒಳಗೆ ಬಾಳೆಎಲೆಯಲ್ಲಿ ಸುತ್ತಿ ಹೂ ಕೊಳ್ಳುವ ಕಟ್ಟೆಗೆ ಕಳಿಸ್ಬೇಕು, ಅವತ್ತಿನ ರೇಟು ಅವತ್ತೇ ನಿಗದಿ ಆಗ್ತದೆ, ಅಲ್ಲಿಂದ ಮಂಗಳೂರು, ಮುಂಬೈ ಎಲ್ಲ ಕಡೆ ಹೋಗ್ತದೆ. ಮದುವೆ ಜಾಸ್ತಿ ಇದ್ದು ಹೂ ಕಮ್ಮಿ ಇದ್ದ ದಿನ ಅಟ್ಟೆಗೆ 2000 ರೂಪಾಯಿ ದಾಟಿದ್ದೂ ಉಂಟು, ಹೂ ರಾಶಿ ಬಂದ ದಿನ ಕಟ್ಟಿದ ಕೂಲಿಯೂ ಹುಟ್ಟದೇ ಇದ್ದದ್ದೂ ಉಂಟು. ನಾಲ್ಕು ಸೆಂಟ್ಸ್ ಜಾಗ ಇದ್ರೂ ಸಾಕು, ಈಗಂತೂ ಟೆರೇಸಿನಲ್ಲಿ ಚಟ್ಟಿ ಇಟ್ಟು ಬೆಳೆಸುವವರು ಬಹಳ ಜನ, ಮನೆ ಹೆಂಗಸರ ಕೈಗೆ ದಿನಾ ನಾಲ್ಕು ಕಾಸು ಬರುವ ಬೆಳೆ ಇದು. ಈ ಗಿಡ ಬೀಜ ಕಟ್ಟೋದು ಬಹಳ ಅಪರೂಪ. ಗೆಲ್ಲು ನೆಟ್ಟು ನೆಟ್ಟು, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ತಾಯಿಮನೆಯಿಂದ ಗಂಡನ ಮನೆಗೆ ಹೋಗಿ ಹೋಗಿಯೇ ಇದು ಇಷ್ಟು ಕಾಲ ಉಳಿದಿರೋದು. ನನ್ನ ಮಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇರೋದೂ ಅಮ್ಮನ ಗಿಡದ ಗೆಲ್ಲೇ.

ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆ ಅರಳೋದು ಯಾಕೆ ಅಂತ ನನ್ನ ಮಗ ಕೇಳಿದ್ದ. ಇಂಥ ಬಿಳಿ ಹೂಗಳಿಗೆ ಗಿರಾಕಿ ಅಂದ್ರೆ ರಾತ್ರಿ ಹಾರುವ ಪತಂಗ, ಕತ್ತಲಲ್ಲಿ ಬಣ್ಣ ತೋರಿಸಿ ಪ್ರಯೋಜನ ಇಲ್ಲ, ಹಾಗಾಗಿ ಸೂರ್ಯ ಮುಳುಗುವ ಹೊತ್ತಿಗೆ ಪರಿಮಳ ಬಿಡ್ತದೆ. ಗಿಡದಿಂದ ಕಿತ್ತು ಕಟ್ಟಿ, ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಯಾರದ್ದೋ ಜಡೆಗೆ ಸೇರಿದ ಮೇಲೂ ಆ ಮೊಗ್ಗಿಗೆ ಸಂಜೆ ಆದದ್ದು ಗೊತ್ತಾಗ್ತದೆ ನೋಡಿ.

ಬಸ್ಸು ಅಂದಾಗ ನೆನಪಾಯ್ತು. ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬೆಳಿಗ್ಗೆ ಹೋಗುವವರು ಇದ್ರೆ ಡ್ರೈವರ್ ಹಿಂದಿನ ಎರಡನೇ ಸೀಟಿನಲ್ಲಿ ಕೂತು ನೋಡಿ. ಮುಂದಿನ ಗ್ಲಾಸಿಗೆ, ದೇವರ ಫೋಟೋಗೆ ಹಾಕಿದ ಮಲ್ಲಿಗೆ ಉಂಟಲ್ಲ, ಬಸ್ಸು ಬ್ರೇಕ್ ಹಾಕಿದಾಗೊಮ್ಮೆ ಅದು ಓಲಾಡಿ ಪರಿಮಳ ಹಿಂದಕ್ಕೆ ಬರ್ತದೆ. ಹದಿನಾರು ವರ್ಷ ನಾನು ಆ ರೂಟಲ್ಲಿ ಓಡಾಡಿದ್ದೇನೆ, ಆಫೀಸಿನ ಟೆನ್ಶನ್ ಎಷ್ಟೇ ಇರ್ಲಿ, ಅದೊಂದು ಸಿಕ್ಕಿದ್ರೆ ಸಾಕಿತ್ತು ನಂಗೆ.

ಮೂಗು ಮೂಗು ಅಂತ ನಾನು ಇಷ್ಟು ಹೇಳ್ಲಿಕ್ಕೆ ಕಾರಣ ಉಂಟು. 2021ರ ಏಪ್ರಿಲ್ ಕೊನೆಗೆ ನಂಗೆ ಕೊರೊನಾ ಬಂತು. ಜ್ವರ ನಾಲ್ಕು ದಿನಕ್ಕೆ ಇಳೀತು, ಆದ್ರೆ ವಾಸನೆ ಪೂರ್ತಿ ಹೋಯ್ತು. ಆಗ ಮದುವೆ ಇಲ್ಲ, ನೇಮ ಇಲ್ಲ, ಜಾತ್ರೆ ಇಲ್ಲ, ಮಲ್ಲಿಗೆ ಕೇಳುವವರೇ ಇಲ್ಲ. ಕೊಯ್ಯದೇ ಬಿಟ್ಟರೆ ಗಿಡಕ್ಕೆ ಒಳ್ಳೇದಲ್ಲ ಅಂತ ಅಮ್ಮ ದಿನಾ ಕೊಯ್ದು, ಮಾರಲಿಕ್ಕಾಗದ್ದನ್ನು ದೇವರ ಎದುರು ರಾಶಿ ಹಾಕ್ತಿದ್ರು. ನಾನು ಕ್ವಾರಂಟೈನ್ ಮುಗಿಸಿ ಊರಿಗೆ ಹೋದಾಗ ಒಂದು ಬೊಗಸೆ ತಂದು ಕೈಗೆ ಕೊಟ್ರು. ಮುಖಕ್ಕೆ ಹಿಡಿದೆ, ತಣ್ಣಗಿತ್ತು, ಒದ್ದೆ ಇತ್ತು, ಅಷ್ಟೇ, ಬೇರೆ ಏನೂ ಇಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಹೂ ಕಾಗದದ ಹೂವಿನ ಹಾಗೆ ಆಗಿತ್ತು. ಅವತ್ತು ನಾನು ಕೂತು ಅತ್ತಿದ್ದೇನೆ, ಅಮ್ಮನಿಗೆ ಯಾಕೆ ಅಂತ ಹೇಳ್ಲಿಕ್ಕೂ ಆಗ್ಲಿಲ್ಲ.

ಐದಾರು ವಾರ ಹಾಗೇ ಹೋಯ್ತು. ಜೂನ್ ಮೊದಲ ವಾರ, ಎರಡು ಮಳೆ ಬಂದಾಗಿತ್ತು, ಹಿತ್ತಲಲ್ಲಿ ಬಿದ್ದ ಕಾಟುಮಾವು ಹೆಕ್ಕಿ ತಂದು ತೊಟ್ಟು ಕೀಳ್ತಾ ಇದ್ದೆ, ಸೊನೆ ಚಿಮ್ಮಿ ಕೈಗೆ ಬಿತ್ತು, ಆವಾಗ ಒಂದು ಕ್ಷಣ, ಎಲ್ಲೋ ದೂರದಲ್ಲಿ ಇದ್ದ ಹಾಗೆ, ಆ ಖಾರ ಖಾರ ವಾಸನೆ ಬಂತು. ಹೋಯ್ತು. ಇನ್ನೊಂದು ಹಣ್ಣಿನ ತೊಟ್ಟು ಕಿತ್ತೆ, ಮತ್ತೆ ಬಂತು. ಬುಟ್ಟಿಯಲ್ಲಿದ್ದ ಅಷ್ಟೂ ಮಾವಿನ ತೊಟ್ಟು ಒಂದೊಂದಾಗಿ ಕಿತ್ತು ಮೂಸಿದೆ. ಅವತ್ತು ಮಾಡಿದ ಮಾವಿನಹಣ್ಣಿನ ಸಾಸಿವೆ ಅನ್ನುವ ಅಡುಗೆಯ ರುಚಿ ಈಗಲೂ ಬಾಯಲ್ಲಿ ಉಂಟು. ಆ ಮೇಲೆ ನಾನು ಯಾವ ವಸಂತವನ್ನೂ ಸುಮ್ಮನೆ ಹೋಗ್ಲಿಕ್ಕೆ ಬಿಟ್ಟಿಲ್ಲ.

ಮಾವಿಗೆ ಬರುವ. ನಮ್ಮಲ್ಲಿ ಹೂ ಶುರುವಾಗೋದು ಡಿಸೆಂಬರ್ ಜನವರಿಯಲ್ಲೇ, ರಾತ್ರಿ ಚಳಿ ಸ್ವಲ್ಪ ಸಿಕ್ಕಿದ್ರೆ ಮಾತ್ರ ಚೆನ್ನಾಗಿ ಹೂ ಬರ್ತದೆ, ಆಮೇಲೆ ಮೋಡ, ಮಂಜು ಜಾಸ್ತಿ ಆದ್ರೆ ಹೂ ಕಪ್ಪಾಗಿ ಉದುರ್ತದೆ, ಜಿಗಿಹುಳು ಬೇರೆ. ಹೂ ನಿಂತರೆ ಮಿಡಿ, ಮಿಡಿ ಅಂದ್ರೆ ಉಪ್ಪಿನಕಾಯಿ, ಕುಚ್ಚಲಕ್ಕಿ ಗಂಜಿಗೆ ಒಂದು ಮಿಡಿ ಇದ್ರೆ ಬೇರೆ ಪಲ್ಯ ಯಾಕೆ?

ಗೇರುಹೂವಿನ ಪರಿಮಳ ಎಷ್ಟು ಜನ ಗಮನಿಸಿದ್ದೀರಿ? ಗೇರುಹಣ್ಣಿನದ್ದು ಎಲ್ಲರಿಗೂ ಗೊತ್ತು, ಅದು ಅಡಗಿಸಿಟ್ಟರೂ ಅಡಗೋದಿಲ್ಲ. ಹೂವಿನದ್ದು ಬೇರೆ, ಹತ್ತಿರ ಹೋಗ್ಬೇಕು. ಉಗುರಿನಷ್ಟೂ ಇಲ್ಲದ ಹೂ, ಅರಳಿದಾಗ ಬಿಳಿ, ಅದರಲ್ಲಿ ತೆಳ್ಳಗೆ ಗುಲಾಬಿ ಗೆರೆ, ಆಮೇಲೆ ಪೂರ್ತಿ ಗುಲಾಬಿ ಆಗ್ತದೆ, ಎಸಳು ಹಿಂದಕ್ಕೆ ಸುರುಟಿಕೊಂಡಿರ್ತದೆ. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಬ್ರೆಜಿಲ್ ಕಡೆಯಿಂದ ತಂದ ಮರ ಇದು, ಈಗ ಇಲ್ಲಿಯದ್ದೇ ಆಗಿಬಿಟ್ಟಿದೆ, ಪುತ್ತೂರಲ್ಲಿ ಗೇರು ಸಂಶೋಧನೆಗೆ ಅಂತಲೇ ಕೇಂದ್ರ ಸರಕಾರದ ಸಂಸ್ಥೆ ಉಂಟು. ನಮ್ಮ ಬಿಸುವಿಗಂತೂ ಗೇರು ಬೇಕೇ ಬೇಕು. ಏಪ್ರಿಲ್ 14 ಅಥವಾ 15ಕ್ಕೆ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಣಿ ನೋಡೋದು, ಕನ್ನಡಿ, ತೆಂಗಿನಕಾಯಿ, ಮಾವು, ಗುಜ್ಜೆ ಅಂದ್ರೆ ಎಳೆ ಹಲಸು, ಸೌತೆ, ಗೇರುಹಣ್ಣು, ಹೂ, ಚಿನ್ನ. ಆ ಹೊತ್ತಿಗೆ ರಸ್ತೆ ಬದಿ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಟ್ಟಿರ್ತದೆ, ತುಳುವಲ್ಲಿ ಕೊಂದೆ ಅನ್ನೋದು, ಎಲೆಯೇ ಕಾಣ್ಲಿಕ್ಕಿಲ್ಲ. ಪಾಯಸಕ್ಕೆ ಎಳೆ ಗೇರುಬೀಜ. ನಮ್ಮ ಪಕ್ಕದ ಕೊಂಕಣಿ ಮನೆಯ ಅಕ್ಕ ತೊಂಡೆಕಾಯಿ ಬಿಬ್ಬೆ ಉಪ್ಕರಿ, ಅಂದ್ರೆ ತೊಂಡೆ ಮತ್ತು ಎಳೆ ಗೇರುಬೀಜದ ಪಲ್ಯ, ಮಾಡಿ ಒಂದು ಗಿಂಡಿ ಕಳಿಸದೆ ಬಿಸು ಮುಗೀದಿಲ್ಲ ನಮ್ಮನೆಯಲ್ಲಿ. ಆ ಎಳೆ ಬೀಜದ ಸಿಪ್ಪೆ ಬಿಡಿಸಿದ್ರೆ ಸೊನೆಗೆ ಬೆರಳ ತುದಿ ಸುಟ್ಟು ವಾರಗಟ್ಟಲೆ ಚರ್ಮ ಏಳ್ತದೆ, ಅಷ್ಟು ಕಷ್ಟಪಟ್ಟು ಬಿಡಿಸಿ ನೆರೆಮನೆಗೂ ಕೊಡ್ತಾರಲ್ಲ, ಅದು ದೊಡ್ಡದು.

ಇಷ್ಟೆಲ್ಲ ಈ ಸೆಕೆಯಲ್ಲೇ ಯಾಕೆ ಅಂತ ಕೇಳಿದ್ರೆ, ಮಳೆಯ ಲೆಕ್ಕ. ನಮ್ಮ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗ್ತದೆ. ಆ ಮಳೆಯಲ್ಲಿ ಹೂ ಬಿಟ್ಟರೆ ಪರಾಗ ತೊಳೆದುಹೋಗ್ತದೆ, ದುಂಬಿ ಹಾರ್ಲಿಕ್ಕಿಲ್ಲ. ಈಗ ಅರಳಿ, ಮೇ ತಿಂಗಳಲ್ಲಿ ಹಣ್ಣಾಗಿ, ಬೀಜ ನೆಲಕ್ಕೆ ಬೀಳುವಾಗ ಮಳೆ ಸಿಕ್ಕಿದ್ರೆ ಮೊಳಕೆಗೆ ನೀರು ಫ್ರೀ. ಬೂರುಗ, ಪೊಂಗಾರೆ (ಹಾಲವಾಣ) ಎಲ್ಲ ಎಲೆ ಉದುರಿಸಿಯೇ ಹೂ ಬಿಡೋದು, ಕೆಂಪು ದೂರಕ್ಕೆ ಕಾಣ್ತದೆ, ಹಕ್ಕಿಗಳು ಬರ್ತವೆ. ಆಮೇಲೆ ಕೋಗಿಲೆ, ಅದರ ಪಕ್ಕದಲ್ಲೇ ಕುಟ್ರೂ ಕುಟ್ರೂ ಅಂತ ದಿನವಿಡೀ ಕೂಗುವ ಕುಟ್ರು ಹಕ್ಕಿ, ಇದಕ್ಕೆ ಯಾರೂ ಹಾಡು ಕಟ್ಟಿಲ್ಲ, ಆದ್ರೆ ನಂಗೆ ಅದೇ ಇಷ್ಟ, ಅದು ಕೂಗಿದ್ರೆ ರಜೆ ಶುರುವಾದ ಹಾಗೆ ಈಗಲೂ ಅನಿಸ್ತದೆ.

ಒಂದು ಬೇಜಾರಿನ ವಿಷಯವೂ ಹೇಳ್ಬೇಕು. ಮಂಗಳೂರಲ್ಲಿ ನಾನು ಬಸ್ಸಿಗೆ ನಿಲ್ಲುವ ದಾರಿಯಲ್ಲಿ ಒಂದು ರೆಂಜೆ, ಅಂದ್ರೆ ಬಕುಳದ ಮರ ಇತ್ತು. ಬೆಳಿಗ್ಗೆ ಅದರ ಕೆಳಗೆ ನಕ್ಷತ್ರದ ಹಾಗಿನ ಹೂ ಉದುರಿರ್ತಿತ್ತು, ಒಂದು ಅಜ್ಜಿ ಬಂದು ಸೆರಗಿಗೆ ಹೆಕ್ಕಿಕೊಳ್ತಿದ್ರು, ನಾನು ನಾಲ್ಕು ಹೆಕ್ಕಿ ಪರ್ಸಿಗೆ ಹಾಕಿಕೊಳ್ತಿದ್ದೆ. ರಸ್ತೆ ಅಗಲ ಮಾಡುವಾಗ ಒಂದು ರಾತ್ರಿಯಲ್ಲಿ ಮರ ಹೋಯ್ತು. ಯಾರನ್ನೂ ಕೇಳ್ಲಿಲ್ಲ, ಒಂದು ನೋಟಿಸು ಇರ್ಲಿಲ್ಲ. ರಸ್ತೆ ಬೇಕು, ನಾನೂ ಅದೇ ರಸ್ತೆಯಲ್ಲಿ ಹೋಗುವವಳು, ಆದ್ರೆ ಮರವನ್ನು ಉಳಿಸಿಕೊಂಡು ಎರಡಡಿ ಆಚೆ ಹಾಕ್ಲಿಕ್ಕೆ ಆಗ್ತಿತ್ತು, ಅಳತೆ ಮಾಡಿ ನೋಡಿದ್ದೇನೆ. ಆ ಅಜ್ಜಿ ಆಮೇಲೆ ಎರಡು ದಿನ ಬಂದು ಅದೇ ಜಾಗದಲ್ಲಿ ನಿಂತು ಹೋದ್ರು, ಮತ್ತೆ ಕಾಣ್ಲಿಲ್ಲ. ನಿಮ್ಮ ಬೀದಿಯಲ್ಲಿ ರೆಂಜೆ, ಸುರಗಿ, ಸಂಪಿಗೆ ಯಾವುದಾದ್ರೂ ಹಳೇ ಮರ ಇದ್ರೆ ಈಗಲೇ ಅದರ ಫೋಟೋ ತೆಗೆದು ಇಡಿ, ಹತ್ತಿರದ ಮನೆಯವರ ಹತ್ರ ಮಾತಾಡಿ ಇಡಿ. ಕಡಿಯುವವರು ಬಂದ ಮೇಲೆ ಮಾತಾಡಿದ್ರೆ ಲೇಟ್ ಆಗ್ತದೆ. ಸುರಗಿ ಬೆಳೀಲಿಕ್ಕೆ ಬಹಳ ನಿಧಾನ ಮಾಡುವ ಮರ, ಇವತ್ತು ನೆಟ್ಟರೆ ಅದರ ಮಾಲೆ ಕಟ್ಟುವವರು ನಿಮ್ಮ ಮಕ್ಕಳು.

ಬೆಳಿಗ್ಗೆ ಟೈಮ್ ಇಲ್ಲ ಅಂತ ಎಲ್ಲರೂ ಹೇಳ್ತೀರಿ. ಟಿಫಿನ್ ಬಾಕ್ಸ್, ಸ್ಕೂಲ್ ವ್ಯಾನ್, ನಂಗೂ ಗೊತ್ತುಂಟು. ನಾನು ಮಾಡೋದು ಇಷ್ಟೇ, ಚಾ ಲೋಟ ಹಿಡಿದು ಬಾಲ್ಕನಿಗೆ ಹೋಗುವಾಗ ಮೊಬೈಲ್ ಒಳಗೆ ಬಿಟ್ಟು ಹೋಗೋದು. ಚಾ ಮುಗಿಯುವ ತನಕ. ಗಾಳಿಯಲ್ಲಿ ತೇವ ಇರುವ ಹೊತ್ತು ಅದು, ವಾಸನೆ ಚೆನ್ನಾಗಿ ಸಿಗ್ತದೆ. ಒಂದು ದಿನ ಯಾರದ್ದೋ ಮನೆಯ ಮಾವಿನ ಹೂ, ಒಂದು ದಿನ ಗುಜ್ಜೆ ಕೊಯ್ದ ಮೇಣ, ಒಂದು ದಿನ ತರಗೆಲೆಗೆ ಬೆಂಕಿ ಹಾಕಿದ ಹೊಗೆ.

ಇಲ್ಲಿಗೆ ನನ್ನ ಮಾತು ಮುಗೀತು. ಕೊನೆಗೆ ಒಂದು ವಿಷಯ ಹೇಳಿದ್ದೆ: ನಾನು ಉಳಿದುಕೊಂಡ ಮನೆಯ ಹಿತ್ತಲಲ್ಲಿ ಒಂದು ಸುರಗಿ ಮರ ಉಂಟು, ಹೂ ಇನ್ನೇನು ಮುಗೀತಾ ಬಂತು, ನಾಳೆ ಬೆಳಿಗ್ಗೆ ಆರಕ್ಕೆ ಬರುವವರು ಬನ್ನಿ, ಒಂದು ಹಳೇ ಪಂಚೆ ಅಥವಾ ಸೀರೆ ತನ್ನಿ ಅಂತ. ಮೂರು ಜನ ಬಂದಾರು ಅಂದುಕೊಂಡಿದ್ದೆ, ಹದಿನಾಲ್ಕು ಜನ ಬಂದ್ರು. ಮನೆಯವರು ಎಲ್ಲರಿಗೂ ಚಾ ಕೊಟ್ರು. ಮರ ಹತ್ತಲಿಕ್ಕೆ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಅವರು ಮೇಲಿಂದ ಗೆಲ್ಲು ಅಲ್ಲಾಡಿಸುವಾಗ ಮೊಗ್ಗು ಟಪಟಪ ಅಂತ ಸೀರೆ ಮೇಲೆ ಬೀಳ್ತಾ ಇತ್ತು, ಹಿಂದಿನ ದಿನ ಸುರಗಿ ಗೊತ್ತಿಲ್ಲ ಅಂತ ಕೈ ಎತ್ತಿದ್ದ ಒಂದು ಹುಡುಗಿ, ಮೂರನೇ ಕ್ಲಾಸು, ಶಾಲೆಗೆ ಹೋಗುವ ಯೂನಿಫಾರ್ಮ್‌ನಲ್ಲೇ ಬಂದಿದ್ದಳು, ಹೆಕ್ಕಿದ್ದನ್ನು ಹಾಕ್ಲಿಕ್ಕೆ ಏನೂ ಇಲ್ಲದೆ ಬ್ಯಾಗಿನಿಂದ ಕಂಪಾಸ್ ಬಾಕ್ಸ್ ತೆಗೆದು ಅದರಲ್ಲಿ ತುಂಬಿಸಿಕೊಂಡಳು. ಮೊನ್ನೆ ಅವಳಮ್ಮ ವಾಟ್ಸಾಪಲ್ಲಿ ಮೆಸೇಜ್ ಹಾಕಿದ್ರು, ಮೊಗ್ಗು ಎಲ್ಲ ಒಣಗಿ ಕಂದು ಆಗಿದೆ, ಬಿಸಾಡ್ಲಿಕ್ಕೆ ಬಿಡ್ತಾ ಇಲ್ಲ, ಪೆನ್ಸಿಲ್ ರಬ್ಬರ್ ಎಲ್ಲ ಸುರಗಿ ವಾಸನೆ, ಕ್ಲಾಸಲ್ಲಿ ಪಕ್ಕದ ಬೆಂಚಿನವರು ಬಂದು ಬಂದು ಮೂಸಿ ಹೋಗ್ತಾರಂತೆ ಅಂತ.